ಬೆಳೆ ವರ್ಷಕ್ಕೊಮ್ಮೆ, ಬಿಲ್ಲು ತಿಂಗಳಿಗೊಮ್ಮೆ

ಟಿಕೋಟಾ, ಬಬಲೇಶ್ವರ ಕಡೆಯ ಕೆಲವು ರೈತರ ಕಿಸೆಯಲ್ಲಿ ಈಗ ಎರಡೆರಡು ಕಾರ್ಡು. ಒಂದು ಕಿಸಾನ್ ಕ್ರೆಡಿಟ್ ಕಾರ್ಡು, ಇನ್ನೊಂದು ಬರೀ ಕ್ರೆಡಿಟ್ ಕಾರ್ಡು. ಅಳತೆ ಒಂದೇ, ಪ್ಲಾಸ್ಟಿಕ್ಕು ಒಂದೇ, ಹೆಸರೂ ಹೆಚ್ಚುಕಡಿಮೆ ಒಂದೇ. ಹಾಗಾಗಿ ಗುಣವೂ ಒಂದೇ ಎಂದು ನಂಬಿ ಕೂತವರಿದ್ದಾರೆ. ಆದರೆ ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬ ಗಾದೆ ಈ ಎರಡು ಕಾರ್ಡಿಗೆ ಸರಿಯಾಗಿ ಒಪ್ಪುತ್ತದೆ. ಎರಡನ್ನೂ ಒಂದೇ ನೊಗಕ್ಕೆ ಹೂಡಿದವನ ಹೊಲ ಉಳುಮೆಯಾಗುವುದಿಲ್ಲ, ನೊಗ ಮುರಿಯುತ್ತದೆ.

ನಗರದಲ್ಲಿಯೂ ಇದೇ ಹಾಡು. ಬ್ಯಾಂಕಿಗೆ ಪಾಸ್‌ಬುಕ್ ತುಂಬಿಸಲು ಹೋದವನ ಮುಂದೆ ಒಂದು ಅರ್ಜಿ ಬರುತ್ತದೆ. ಮನೆಯಲ್ಲಿ ಕೂತವನ ಫೋನಿಗೆ ಕರೆ ಬರುತ್ತದೆ. ಮಾಲ್ ಕೊಳ್ಳಲು ಅಂಗಡಿಗೆ ಹೋದರೆ ಅಲ್ಲಿಯೂ ಒಬ್ಬ ಹುಡುಗ ನಿಂತಿರುತ್ತಾನೆ. ಮಾತು ಎಲ್ಲ ಕಡೆ ಒಂದೇ ಧಾಟಿ: "ಫ್ರೀ ಅದ ರೀ ಅಣ್ಣಾರ. ಐವತ್ತು ದಿನ ಬಡ್ಡಿ ಇಲ್ಲ. ಒಂದ್ ಸಹಿ ಮಾಡ್ರಿ ಸಾಕು." ಐವತ್ತೊಂದನೆಯ ದಿನ ಏನಾಗುತ್ತದೆ ಎಂದು ಆತ ತಾನಾಗಿ ಹೇಳುವುದಿಲ್ಲ. ಇವರೂ ಕೇಳುವುದಿಲ್ಲ.

ಕಾರ್ಡು ಕೆಟ್ಟದ್ದೆಂದು ಯಾರೂ ಹೇಳಬೇಕಾಗಿಲ್ಲ. ಚಾಕು ಕೆಟ್ಟದ್ದೇ? ಹಣ್ಣು ಹೆಚ್ಚುವವನ ಕೈಯಲ್ಲಿ ಅದು ಉಪಕಾರಿ. ಆದರೆ ಯಾರ ಕೈಗೆ, ಯಾವ ಹೊತ್ತಿನಲ್ಲಿ, ಯಾವ ಕೆಲಸಕ್ಕೆ ಎಂಬುದನ್ನು ನೋಡಬೇಕಲ್ಲ! ಸಾಲದ ಗಡುವು ಗಳಿಕೆಯ ಗಡುವಿಗೆ ಹೊಂದಬೇಕು. ಈ ಒಂದು ಮಾತು ತಿಳಿದವನಿಗೆ ಯಾವ ಕಾರ್ಡೂ ಮುಳ್ಳಾಗುವುದಿಲ್ಲ. ತಿಳಿಯದವನಿಗೆ ಎಲ್ಲವೂ ಮುಳ್ಳೇ.

ಪತ್ತು ಎಂದರೇನು?

ಈ ಜಿಲ್ಲೆಯ ಊರೂರಿಗೆ 'ಪತ್ತಿನ ಸಹಕಾರಿ ಸಂಘ' ಎಂಬ ಬೋರ್ಡು ಇದೆ. ಬೋರ್ಡು ದಿನವೂ ಕಣ್ಣಿಗೆ ಬೀಳುತ್ತದೆ, ಶಬ್ದದ ಅರ್ಥ ಮಾತ್ರ ಮರೆತುಹೋಗಿದೆ. ಪತ್ತು ಎಂದರೆ ರೊಕ್ಕವಲ್ಲ. ರೊಕ್ಕ ಕೊಡುವವನಿಗೆ ತೆಗೆದುಕೊಳ್ಳುವವನ ಮೇಲೆ ಇರುವ ನಂಬಿಕೆ. "ಅವಂದು ಪತ್ ಛಲೋ ಅದ, ಕೊಡ್ರಿ" ಎಂದು ಹಿರಿಯರು ಹೇಳುತ್ತಿದ್ದದ್ದು ಇದನ್ನೇ. ಇಂಗ್ಲಿಷಿನವರು ಕ್ರೆಡಿಟ್ ಎನ್ನುವುದೂ ಇದನ್ನೇ. ಕಾರ್ಡು ನಿನ್ನೆ ಮೊನ್ನೆಯದು, ಪತ್ತು ಅಜ್ಜ ಮುತ್ತಜ್ಜರ ಕಾಲದ್ದು.

ಈ ನಂಬಿಕೆಯ ಮೇಲೆಯೇ 1905ರಲ್ಲಿ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರಿ ಸಂಘ ಕಟ್ಟಿದರು. ಏಷ್ಯಾ ಖಂಡದಲ್ಲಿಯೇ ಮೊದಲನೆಯದು ಎಂದು ಅದು ಹೆಸರಾಗಿದೆ. ಅದಾದ ಏಳು ವರ್ಷಕ್ಕೆ, 1912ರಲ್ಲಿ, ಆಗಿನ ಬಿಜಾಪುರದಲ್ಲಿ ಫ.ಗು. ಹಳಕಟ್ಟಿಯವರು ಸಿದ್ಧೇಶ್ವರ ಬ್ಯಾಂಕು ಕಟ್ಟಿದರು. ವಚನಗಳನ್ನು ಹುಡುಕಿ ಅಚ್ಚು ಹಾಕಿಸಿದ ಮಹನೀಯರು ಸಾಲ ಬಡ್ಡಿಯ ವ್ಯವಹಾರಕ್ಕೆ ಏಕೆ ಕೈಹಾಕಿದರು? ಬಡವ ಸಾಹುಕಾರನ ಅಂಗಳದಲ್ಲಿ ಕೈಕಟ್ಟಿ ನಿಲ್ಲುವುದು ತಪ್ಪಲಿ ಎಂದು. ಆಗ ಸಾಲ ಕೊಡುವ ಪಂಚರಿಗೆ ಸಾಲಗಾರನ ಮನೆ, ಹೊಲ, ನಡತೆ ಎಲ್ಲ ಗೊತ್ತು. ಮಳೆ ಹೋಯಿತೋ ಬಂತೋ ಅವರಿಗೂ ಗೊತ್ತು.

ಈಗ ಆ ಪಂಚರ ಜಾಗದಲ್ಲಿ ಯಂತ್ರ ಕೂತಿದೆ. 2000ದಲ್ಲಿ ಸಿಬಿಲ್ ಎಂಬ ಸಂಸ್ಥೆ ಹುಟ್ಟಿತು. 2005ರಲ್ಲಿ ಇಂಥ ಸಂಸ್ಥೆಗಳಿಗೆಂದೇ ಕೇಂದ್ರದ ಕಾಯ್ದೆ ಬಂತು. ಇಂದು ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಎಂಬ ನಾಲ್ಕು ಸಂಸ್ಥೆಗಳು ದೇಶದ ಸಾಲಗಾರರೆಲ್ಲರ ಜಾತಕ ಬರೆದಿಟ್ಟುಕೊಂಡಿವೆ. ಸಿಬಿಲ್ ಅಂಕ 300ರಿಂದ 900ರವರೆಗೆ. 750 ದಾಟಿದರೆ ಸಾಮಾನ್ಯವಾಗಿ ಪತ್ತು ಛಲೋ ಎಂದು ಲೆಕ್ಕ. ಯಂತ್ರಕ್ಕೆ ಮಳೆ ಗೊತ್ತಿಲ್ಲ, ದ್ರಾಕ್ಷಿ ಗೊತ್ತಿಲ್ಲ, ಮನೆಯಲ್ಲಿ ಮದುವೆ ನಡೆದದ್ದು ಗೊತ್ತಿಲ್ಲ. ಗಡುವಿನ ದಿನ ರೊಕ್ಕ ಬಂತೋ ಇಲ್ಲವೋ ಅಷ್ಟೇ ಗೊತ್ತು.

ಎರಡು ಕಾರ್ಡು, ಎರಡು ಜಾತಿ

ಕಿಸಾನ್ ಕ್ರೆಡಿಟ್ ಕಾರ್ಡು ಬಂದದ್ದು 1998ರಲ್ಲಿ. ಹೆಸರಿಗೆ ಕಾರ್ಡು, ನಿಜದಲ್ಲಿ ಅದು ಬೆಳೆಸಾಲ. ಹೊಲದ ಉತಾರ ನೋಡಿ, ಬೆಳೆ ನೋಡಿ, ಎಕರೆಗೆ ಇಷ್ಟು ಎಂದು ಮಿತಿ ಹಾಕುತ್ತಾರೆ. ರೊಕ್ಕ ತೆಗೆದ ದಿನದಿಂದಲೇ ಬಡ್ಡಿ ಓಡುತ್ತದೆ. ಆದರೆ ಬಡ್ಡಿ ಸಣ್ಣದು. 3 ಲಕ್ಷದವರೆಗಿನ ಬೆಳೆಸಾಲಕ್ಕೆ ಕೇಂದ್ರದ ನೆರವಿನಿಂದ ವರ್ಷಕ್ಕೆ ನೂರಕ್ಕೆ 7. ಹೇಳಿದ ಗಡುವಿಗೆ ತುಂಬಿದವನಿಗೆ ಇನ್ನೂ 3 ಕಡಿಮೆ, ಅಂದರೆ ನೂರಕ್ಕೆ 4 ಮಾತ್ರ. ಸಹಕಾರಿ ಸಂಘದಿಂದ ತೆಗೆದ ಬೆಳೆಸಾಲಕ್ಕೆ ರಾಜ್ಯ ಸರಕಾರದ ಶೂನ್ಯ ಬಡ್ಡಿ ಯೋಜನೆ ಇದೆ. 2023ರ ಬಜೆಟ್ಟಿನಲ್ಲಿ ಅದರ ಮಿತಿಯನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಲಾಯಿತು. ಎಲ್ಲಕ್ಕಿಂತ ಮುಖ್ಯ, ಈ ಸಾಲ ತುಂಬುವ ಗಡುವು ಬೆಳೆ ಕೊಯ್ದು ಮಾರುವ ಹೊತ್ತಿಗೆ ಬರುತ್ತದೆ. ಸಾಲವೂ ಬೆಳೆಯೂ ಜೋಡಿಯಾಗಿ ನಡೆಯುತ್ತವೆ.

ಇನ್ನೊಂದು ಕಾರ್ಡಿನ ನಡಿಗೆ ಬೇರೆ. ಅದಕ್ಕೆ ತಿಂಗಳೇ ವರ್ಷ. ಬಿಲ್ಲಿನ ತಾರೀಖು ಪ್ರತಿ ತಿಂಗಳ 20, ತುಂಬುವ ಕಡೆಯ ದಿನ ಮುಂದಿನ ತಿಂಗಳ 8 ಎಂದಿಟ್ಟುಕೊಳ್ಳಿರಿ. ಜುಲೈ 21ಕ್ಕೆ ಕೊಂಡ ಮಾಲು ಆಗಸ್ಟ್ 20ರ ಬಿಲ್ಲಿಗೆ ಬರುತ್ತದೆ, ಸೆಪ್ಟೆಂಬರ್ 8ಕ್ಕೆ ತುಂಬಬೇಕು. ಸಿಕ್ಕದ್ದು 49 ದಿನ. ಅದೇ ಮಾಲನ್ನು ಜುಲೈ 5ಕ್ಕೆ ಕೊಂಡರೆ ಜುಲೈ 20ರ ಬಿಲ್ಲಿಗೆ ಬಂದು ಆಗಸ್ಟ್ 8ಕ್ಕೇ ತುಂಬಬೇಕು. ಸಿಕ್ಕದ್ದು 34 ದಿನ. 'ಐವತ್ತು ದಿನ' ಎಂಬುದು ಎಲ್ಲರಿಗೂ, ಎಲ್ಲ ದಿನವೂ ಸಿಗುವ ಪ್ರಸಾದವಲ್ಲ ಎಂಬುದು ಇದರಿಂದಲೇ ತಿಳಿಯುತ್ತದೆ.

ಇನ್ನೂ ಒಂದು ಗುಟ್ಟು ಇದೆ. ಬಡ್ಡಿ ಇಲ್ಲದ ಈ ದಿನಗಳು ಸಿಗುವುದು ಬಿಲ್ಲು ಪೂರ್ತಿ ತುಂಬಿದವನಿಗೆ ಮಾತ್ರ. ಸ್ವಲ್ಪ ಬಾಕಿ ಉಳಿಸಿದರೂ ಕೊಂಡ ದಿನದಿಂದ ಬಡ್ಡಿ ಲೆಕ್ಕಕ್ಕೆ ಬರುತ್ತದೆ. ಅಷ್ಟೇ ಅಲ್ಲ, ಆಮೇಲೆ ಕೊಳ್ಳುವ ಹೊಸ ಮಾಲಿಗೂ ಪುಕ್ಕಟೆ ದಿನಗಳು ಇರುವುದಿಲ್ಲ. ಮೊದಲ ದಿನದಿಂದಲೇ ಮೀಟರು ಓಡುತ್ತದೆ. ಕಾರ್ಡು ಹಾಕಿ ಎಟಿಎಂನಿಂದ ನಗದು ತೆಗೆದರಂತೂ ಅದೇ ದಿನದಿಂದ ಬಡ್ಡಿ, ಮೇಲೆ ಬೇರೆ ಶುಲ್ಕ.

ನೂರಕ್ಕೆ ನಾಲ್ಕು!

ಕಾರ್ಡಿನ ಬಡ್ಡಿ ಎಷ್ಟು ಎಂದು ಕೇಳಿದರೆ "ಮೂರೂವರೆ ಪರ್ಸೆಂಟ್ ರೀ" ಎಂಬ ಉತ್ತರ ಬರುತ್ತದೆ. ಬೆಳೆಸಾಲದ ನೂರಕ್ಕೆ 7 ಕೇಳಿ ಗೊತ್ತಿದ್ದವನಿಗೆ ಇದು ಅರ್ಧಕ್ಕೆ ಅರ್ಧ ಅಗ್ಗವಾಗಿ ಕಾಣುತ್ತದೆ. ಮೋಸ ಇರುವುದು ಇಲ್ಲಿಯೇ. ಬೆಳೆಸಾಲದ 7 ವರ್ಷಕ್ಕೆ. ಕಾರ್ಡಿನ ಮೂರೂವರೆ ತಿಂಗಳಿಗೆ! ವರ್ಷಕ್ಕೆ ಗುಣಿಸಿದರೆ 42. ಆ ಬಡ್ಡಿಯ ಮೇಲೆ ನೂರಕ್ಕೆ 18ರಂತೆ ಜಿಎಸ್‌ಟಿ ಬೇರೆ. ಅಲ್ಲಿಗೆ ತಿಂಗಳಿಗೆ ನೂರಕ್ಕೆ ನಾಲ್ಕು ರೂಪಾಯಿ ಹದಿಮೂರು ಪೈಸೆ.

ಹಳ್ಳಿಯ ಸಾಹುಕಾರ ತಿಂಗಳಿಗೆ ನೂರಕ್ಕೆ ಮೂರು ಕೇಳಿದರೆ ಊರೆಲ್ಲ ಶಾಪ ಹಾಕುತ್ತದೆ. ಹಾಕಬೇಕಾದದ್ದೇ. ಆದರೆ ನೂರಕ್ಕೆ ನಾಲ್ಕು ಕೇಳುವ ಕಾರ್ಡನ್ನು ಕಿಸೆಯಲ್ಲಿ ಇಟ್ಟುಕೊಂಡು ದೊಡ್ಡಸ್ತಿಕೆ ಎಂದು ತೋರಿಸುತ್ತಾ ತಿರುಗುವುದು ಯಾವ ಜಾಣತನ?

ಲೆಕ್ಕ ಹಾಕಿ ನೋಡಿರಿ. 50 ಸಾವಿರ ರೂಪಾಯಿ ಬಾಕಿ ಇದೆ. ಬಿಲ್ಲಿನಲ್ಲಿ 'ಕನಿಷ್ಠ ಮೊತ್ತ' ಎಂದು ಒಂದು ಸಣ್ಣ ಅಂಕಿ ಇರುತ್ತದೆ, ಸಾಮಾನ್ಯವಾಗಿ ಬಾಕಿಯ ನೂರಕ್ಕೆ ಐದರ ಆಸುಪಾಸು. ಅಷ್ಟು ತುಂಬಿದರೆ ಫೋನು ಬರುವುದಿಲ್ಲ, ಮನಸ್ಸಿಗೂ ಹಗುರ. ಮೊದಲ ತಿಂಗಳು ಬಡ್ಡಿ 1,750, ತೆರಿಗೆ 315, ಒಟ್ಟು 2,065 ರೂಪಾಯಿ ಏರಿ ಬಾಕಿ 52,065 ಆಗುತ್ತದೆ. ಅದರ ನೂರಕ್ಕೆ ಐದು, ಅಂದರೆ 2,603 ರೂಪಾಯಿ ತುಂಬಿದ್ದಾಯಿತು. ಅಸಲು ಇಳಿದದ್ದು ಎಷ್ಟು? ಕೇವಲ 538 ರೂಪಾಯಿ.

ಹೀಗೆಯೇ ಆರು ತಿಂಗಳು ನಡೆದರೆ ಕೈಯಿಂದ ಹೋಗುವುದು ಸುಮಾರು 15,200. ಬಾಕಿ ಇನ್ನೂ ಸುಮಾರು 46,850. ಒಂದು ವರ್ಷ ನಡೆದರೆ ಹೋಗುವುದು ಸುಮಾರು 29,450. ಬಾಕಿ ಇನ್ನೂ ಸುಮಾರು 43,900! ಈ ನಡುವೆ ಹೊಸದಾಗಿ ಒಂದು ಬೆಂಕಿಪೆಟ್ಟಿಗೆಯನ್ನೂ ಕಾರ್ಡಿನಿಂದ ಕೊಂಡಿಲ್ಲ ಎಂಬುದು ನೆನಪಿರಲಿ. ತೂತು ಬಿದ್ದ ಕೊಡಕ್ಕೆ ನೀರು ಹೊತ್ತಂತೆ.

ಅದೇ 50 ಸಾವಿರಕ್ಕೆ ಆರು ತಿಂಗಳ ಖರ್ಚು ಹೋಲಿಸಿರಿ. ಗಡುವಿಗೆ ತುಂಬಿದ ಕಿಸಾನ್ ಕಾರ್ಡಿಗೆ 1,000 ರೂಪಾಯಿ. ಸಂಘದ ಶೂನ್ಯ ಬಡ್ಡಿ ಸಾಲಕ್ಕೆ ಏನೂ ಇಲ್ಲ. ನೂರಕ್ಕೆ ಮೂರರ ಸಾಹುಕಾರನಿಗೆ 9,000. ಕನಿಷ್ಠ ಮೊತ್ತ ತುಂಬುತ್ತ ಕೂತ ಕ್ರೆಡಿಟ್ ಕಾರ್ಡಿಗೆ 12,000ಕ್ಕೂ ಮೇಲೆ.

ಇದಕ್ಕೆ ಮಿತಿ ಹಾಕುವವರಿಲ್ಲವೇ? ಕಾರ್ಡಿನ ಬಡ್ಡಿ ವರ್ಷಕ್ಕೆ ನೂರಕ್ಕೆ 30 ದಾಟಬಾರದೆಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹೇಳಿತ್ತು. 2024ರ ಡಿಸೆಂಬರ್ 20ರಂದು ಸುಪ್ರೀಂ ಕೋರ್ಟು ಆ ಆದೇಶವನ್ನು ರದ್ದು ಮಾಡಿತು. ಈಗ ಗ್ರಾಹಕನ ಎಚ್ಚರವೇ ಅವನ ಮೊದಲ ಕಾವಲುಗಾರ.

ದ್ರಾಕ್ಷಿಯ ಪಂಚಾಂಗ

ಅಥಣಿ ರಸ್ತೆಯ ಟಿಕೋಟಾ, ಜಮಖಂಡಿ ರಸ್ತೆಯ ಬಬಲೇಶ್ವರ. ಎರಡೂ ವಿಜಯಪುರ ತಾಲೂಕಿನಿಂದ ಬೇರೆಯಾಗಿ ತಾಲೂಕುಗಳಾದವು. ಬರ ಬಿದ್ದ ವರ್ಷ ಟ್ಯಾಂಕರ್ ನೀರು ಹಾಕಿ ಬಳ್ಳಿ ಉಳಿಸಿಕೊಂಡ ಸೀಮೆ ಇದು. ತುಬಚಿ-ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ಈ ಭಾಗದ ಕೆರೆಗಳಿಗೆ ಹರಿಯಿತು. ನೀರು ಬಂದಾಗ ತೋಟ ಬಂತು, ತೋಟದ ಹಿಂದೆ ಖರ್ಚೂ ಬಂತು. ಕಲ್ಲುಕಂಬ, ತಂತಿ, ಡ್ರಿಪ್ಪು, ಗೊಬ್ಬರ, ಔಷಧ, ಆಳು. ದ್ರಾಕ್ಷಿ ಎಂಬುದು ರೊಕ್ಕ ಕುಡಿದು ರೊಕ್ಕ ಕೊಡುವ ಬೆಳೆ.

ಆದರೆ ಕುಡಿಯುವ ಹೊತ್ತು ಬೇರೆ, ಕೊಡುವ ಹೊತ್ತು ಬೇರೆ. ಏಪ್ರಿಲ್‌ನಲ್ಲಿ ಒಂದು ಚಾಟ್ನಿ, ಅಕ್ಟೋಬರ್ ಸುಮಾರಿಗೆ ಇನ್ನೊಂದು ಚಾಟ್ನಿ. ಅಕ್ಟೋಬರ್ ಚಾಟ್ನಿ ಆದಮೇಲೆ ಔಷಧದ ಖರ್ಚು ಏರುತ್ತದೆ. ಅಕಾಲದ ಮಳೆ ಬಿತ್ತೆಂದರೆ ಹೊಡೆದ ಔಷಧ ತೊಳೆದು ಹೋಗಿ ಮತ್ತೆ ಹೊಡೆಯಬೇಕು. ಹಣ್ಣು ಕೈಗೆ ಬರುವುದು ಫೆಬ್ರವರಿ, ಮಾರ್ಚ್‌ಗೆ. ಒಣದ್ರಾಕ್ಷಿ ಮಾಡುವವನಿಗೆ ಶೆಡ್ಡಿನಲ್ಲಿ ಒಣಗಿಸುವ ದಿನಗಳು ಬೇರೆ. ಆಮೇಲೆ ವಿಜಯಪುರದ ಎಪಿಎಂಸಿಯೋ, ಗಡಿಯಾಚೆಯ ಸಾಂಗಲಿ, ತಾಸಗಾಂವ ಪೇಟೆಯೋ. ದರ ಬಿದ್ದಿದ್ದರೆ ಕೋಲ್ಡ್ ಸ್ಟೋರೇಜಿನಲ್ಲಿ ಇಟ್ಟು ಕಾಯುವುದು. ರೊಕ್ಕದ ಮುಖ ನೋಡುವಷ್ಟರಲ್ಲಿ ಬೇಸಿಗೆ ಕಾಲಿಟ್ಟಿರುತ್ತದೆ.

ಈಗ ಅಕ್ಟೋಬರ್ 10ಕ್ಕೆ ಕಾರ್ಡು ತಿಕ್ಕಿ ಔಷಧ ಕೊಂಡ ರೈತನ ಗತಿ ನೋಡಿರಿ. ನವೆಂಬರ್‌ನಲ್ಲಿ ಬಿಲ್ಲಿನ ಗಡುವು ಬಂದು ಬಾಗಿಲು ಬಡಿಯುತ್ತದೆ. ಬಳ್ಳಿಯಲ್ಲಿ ಆಗ ಗೊನೆ ಇನ್ನೂ ಎಳಸು. "ಹಣ್ಣಾಗಲಿ, ಕೊಡತೀನಿ" ಎಂದರೆ ಔಷಧದ ಅಂಗಡಿಯವ ಕೇಳಿಯಾನು. ಅವನ ಉದ್ರಿ ಖಾತೆಗೆ ಹಂಗಾಮು ಗೊತ್ತು. ಕಾರ್ಡಿನ ಯಂತ್ರಕ್ಕೆ ಹಂಗಾಮು ಗೊತ್ತಿಲ್ಲ. ಐದಾರು ತಿಂಗಳು ಕೈಯಲ್ಲಿ ಕಾಸಿಲ್ಲದವನು ತಿಂಗಳಿಗೊಮ್ಮೆ ಬಿಲ್ಲು ತುಂಬುವುದು ಎಲ್ಲಿಂದ?

ಆಗ ಶುರುವಾಗುವುದು ತಿರುಗಣಿ. ಒಂದು ಕಾರ್ಡಿನ ಬಾಕಿಗೆ ಇನ್ನೊಂದು ಕಾರ್ಡು. ಮಾಲು ಕೊಳ್ಳದೆಯೇ ಕೊಂಡಂತೆ ಕಾರ್ಡು ತಿಕ್ಕಿಸಿ, ನೂರಕ್ಕೆ ಎರಡು ಮೂರು ಕಮಿಶನ್ ಮುರಿಸಿಕೊಂಡು ನಗದು ಪಡೆಯುವುದು. ಇದು ಕಾರ್ಡಿನ ನಿಯಮಕ್ಕೆ ವಿರುದ್ಧ, ಮನೆಗೂ ಮಾರಕ. ಸಾಲ ತೀರಿಸಲು ಸಾಲ ಮಾಡಿದವನ ಸಾಲ ತೀರಿದ್ದನ್ನು ಕಂಡವರುಂಟೇ?

ಬೆಳೆಸಾಲ ಮನ್ನಾ ಆದದ್ದು ಜನರಿಗೆ ನೆನಪಿದೆ. 2017ರಲ್ಲಿ ಸಹಕಾರಿ ಸಂಘಗಳ ಸಾಲದಲ್ಲಿ 50 ಸಾವಿರದವರೆಗೆ, 2018ರಲ್ಲಿ ಮತ್ತೊಂದು ಮನ್ನಾ. ಅದನ್ನು ನೆನೆದು "ನಡೀರಿ, ಒಂದಿನ ಮನ್ನಾ ಆಗ್ತದ" ಎಂದು ಕಾರ್ಡಿನ ಬಾಕಿಯನ್ನೂ ಬಿಟ್ಟು ಕೂತರೆ ಕೆಟ್ಟರು. ಆ ಮನ್ನಾಗಳು ಬೆಳೆಸಾಲಕ್ಕೆ ಬಂದವೇ ಹೊರತು ಕ್ರೆಡಿಟ್ ಕಾರ್ಡಿನ ಬಾಕಿಗಲ್ಲ.

ಪಗಾರದವರ ಮಾತು ಬೇರೆ, ಆದರೂ...

ತಿಂಗಳಾದ ಕೂಡಲೇ ಪಗಾರ ಕಾಣುವ ಮಾಸ್ತರರು, ಕಾರಕೂನರು, ನರ್ಸ್‌ಗಳು, ಕಂಪನಿ ನೌಕರರಿಗೆ ಕಾರ್ಡು ಹೊಂದುತ್ತದೆ. ಗಳಿಕೆಯೂ ತಿಂಗಳಿಗೊಮ್ಮೆ, ಬಿಲ್ಲೂ ತಿಂಗಳಿಗೊಮ್ಮೆ. ಕಿರಾಣಿ, ಪೆಟ್ರೋಲು, ರೈಲು ಟಿಕೆಟ್ಟು ಎಲ್ಲ ಅದರಲ್ಲಿ ಹಾಕಿ ಗಡುವಿಗೆ ಪೂರ್ತಿ ತುಂಬಿದರೆ ಒಂದು ಪೈಸೆ ಬಡ್ಡಿ ಇಲ್ಲ, ಪತ್ತೂ ಬೆಳೆಯುತ್ತದೆ. ಮುಂದೆ ಮನೆಸಾಲ ಕೇಳಲು ಹೋದಾಗ ಅದೇ ಉಪಯೋಗಕ್ಕೆ ಬರುತ್ತದೆ.

ಇವರ ರೋಗ ಬೇರೆ. 2022ರಲ್ಲಿ ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸಲು ರಿಸರ್ವ್ ಬ್ಯಾಂಕು ಒಪ್ಪಿತು. ಅಂದಿನಿಂದ ಕಾರ್ಡು ಕಿಸೆಯಿಂದ ತೆಗೆಯುವ ಕೆಲಸವೂ ಇಲ್ಲ. ಗಾಂಧಿ ಚೌಕದ ಅಂಗಡಿಯಲ್ಲಿ ಫೋನು ಹಿಡಿದರೆ ಮುಗಿಯಿತು. ಹೋಗುತ್ತಿರುವುದು ಖಾತೆಯ ಸ್ವಂತ ರೊಕ್ಕವೋ ಬ್ಯಾಂಕಿನ ಸಾಲವೋ ಎಂಬುದು ಆ ಗಡಿಬಿಡಿಯಲ್ಲಿ ಮರೆತೇ ಹೋಗುತ್ತದೆ. ನೋಟು ಎಣಿಸಿ ಕೊಡುವಾಗ ಕೈ ನಡುಗುತ್ತಿತ್ತು. ಈಗ ನಡುಕ ಬಿಲ್ಲು ಬಂದ ದಿನ.

ಹಾಗಾಗಿ ಪಗಾರದವರು ಕೆಲವು ಮಾತು ಗಂಟು ಕಟ್ಟಿಕೊಳ್ಳಲಿ. ಕೈಯಲ್ಲಿ ಇಲ್ಲದ, ಈ ತಿಂಗಳು ಬಾರದ ರೊಕ್ಕವನ್ನು ಕಾರ್ಡಿನಿಂದ ಖರ್ಚು ಮಾಡಬಾರದು. ಕನಿಷ್ಠ ಮೊತ್ತವಲ್ಲ, ಪೂರ್ತಿ ಮೊತ್ತ ತುಂಬಬೇಕು. ಮರೆವಿನವರು ಖಾತೆಯಿಂದ ತಾನಾಗಿ ಕಡಿತವಾಗುವ ಏರ್ಪಾಡು ಮಾಡಿಕೊಳ್ಳಲಿ. ಮಿತಿ ಒಂದು ಲಕ್ಷ ಇದೆಯೆಂದು ಲಕ್ಷವನ್ನೂ ಬಳಸುವುದು ಜಾಣತನವಲ್ಲ. ಮೂರರಲ್ಲಿ ಒಂದು ಪಾಲಿನೊಳಗೆ ಇದ್ದರೆ ಪತ್ತಿಗೂ ಒಳ್ಳೆಯದು, ನಿದ್ದೆಗೂ ಒಳ್ಳೆಯದು. ಪಗಾರ ಒಂದನೆಯ ತಾರೀಖಿಗೆ, ಬಿಲ್ಲಿನ ಗಡುವು ಇಪ್ಪತ್ತೆಂಟಕ್ಕೆ ಎಂಬ ತಾಪತ್ರಯ ಇದ್ದವರು ಬಿಲ್ಲಿನ ತಾರೀಖು ಬದಲಿಸಿಕೊಡಿರೆಂದು ಬ್ಯಾಂಕಿಗೆ ಕೇಳಬಹುದು. ಒಮ್ಮೆಯಾದರೂ ಬದಲಿಸಿಕೊಡಬೇಕೆಂದು ನಿಯಮವೇ ಇದೆ. ಗೆಳೆಯನಿಗಾಗಿ, ಭಾವಮೈದುನನಿಗಾಗಿ ತಮ್ಮ ಕಾರ್ಡು ತಿಕ್ಕುವವರು ನೆನಪಿಡಲಿ. ಮಾಲು ಅವನ ಮನೆಗೆ, ಬಿಲ್ಲು ನಿಮ್ಮ ಮನೆಗೆ.

ಹೊಲ ಒಂದೇ ನಂಬಿದವರಿಗೆ ಮಾತು ಇನ್ನೂ ಸರಳ. ಖಾತೆಯಲ್ಲಿ ರೊಕ್ಕ ಇದ್ದಷ್ಟಕ್ಕೆ ಮಾತ್ರ ಕಾರ್ಡು ಬಳಸಿರಿ. ಬೆಳೆಯ ಖರ್ಚಿಗೆ ಬೆಳೆಸಾಲವೇ ಸರಿ. ಬೆಳೆಸಾಲದ ರೊಕ್ಕ ತೆಗೆದು ಮದುವೆಗೋ ಮೋಟಾರ್ ಸೈಕಲ್ಲಿಗೋ ಹಾಕಿ, ಆಮೇಲೆ ಔಷಧಕ್ಕೆ ಕಾರ್ಡು ತಿಕ್ಕುವುದು ಮಾತ್ರ ಬೇಡ. ಅಗ್ಗದ ಸಾಲವನ್ನು ಭೋಗಕ್ಕೆ, ತುಟ್ಟಿ ಸಾಲವನ್ನು ಹೊಲಕ್ಕೆ ಹಾಕಿದರೆ ಮನೆ ನಿಂತೀತೇ?

ಪುಸ್ತಕದಲ್ಲಿ ಬಿದ್ದ ಕಲೆ

"ಕಾರ್ಡಿಂದು ಐದು ಸಾವಿರ ಬಾಕಿ, ಏನ್ ಮಾಡ್ಯಾರು?" ಎಂದು ಬಿಟ್ಟುಬಿಡುವವರು ಉಂಟು. ಮನೆಗೆ ಯಾರೂ ಬಾರದೆಯೂ ಇರಬಹುದು. ಆದರೆ ಆ ಐದು ಸಾವಿರ ಪುಸ್ತಕದಲ್ಲಿ ಕೂತಿರುತ್ತದೆ. 2025ರ ಜನವರಿಯಿಂದ ಬ್ಯಾಂಕುಗಳು ಸಾಲದ ಲೆಕ್ಕವನ್ನು ಕನಿಷ್ಠ ಹದಿನೈದು ದಿನಕ್ಕೊಮ್ಮೆ ಸಿಬಿಲ್ ಮುಂತಾದವುಗಳಿಗೆ ಕಳಿಸಲೇಬೇಕು. ನಾಳೆ ಮಗಳ ಇಂಜಿನಿಯರಿಂಗಿಗೆ ಸಾಲ ಕೇಳಲು ಹೋದಾಗ, ಟ್ರ್ಯಾಕ್ಟರಿಗೆ ಅರ್ಜಿ ಹಾಕಿದಾಗ, ಆ ಕಲೆ ಎದ್ದು ಕಾಣುತ್ತದೆ.

ಜಾಮೀನು ಹಾಕಿದವರ ಪಾಡೂ ಇದೇ. ಗೌಡರು ಹೇಳಿದರು, ಬೀಗರು ಬೇಡಿದರು ಎಂದು ಇನ್ನೊಬ್ಬರ ಸಾಲಕ್ಕೆ ಸಹಿ ಮಾಡುವುದು ಈ ಭಾಗದಲ್ಲಿ ಮರ್ಯಾದೆಯ ಪ್ರಶ್ನೆ. ಆತ ಕಂತು ತಪ್ಪಿಸಿದರೆ ಜಾಮೀನುದಾರನ ಪತ್ತಿಗೂ ಪೆಟ್ಟು ಬೀಳುತ್ತದೆ.

ಬ್ಯಾಂಕಿನವರು ಕೊನೆಗೆ "ಅರ್ಧ ತುಂಬಿರಿ, ಮುಗಿಸಿಬಿಡೋಣ" ಎಂದು ಕರೆಯುವುದೂ ಉಂಟು. ಸಾಲ ಮುಗಿಯುವುದು ನಿಜ. ಆದರೆ ಪುಸ್ತಕದಲ್ಲಿ 'ಪೂರ್ತಿ ತೀರಿದೆ' ಎಂದು ಬರೆಯುವುದಿಲ್ಲ, 'ಸೆಟಲ್ಡ್' ಎಂದು ಬರೆಯುತ್ತಾರೆ. ಮುಂದೆ ಸಾಲ ಕೊಡುವವನಿಗೆ ಆ ಒಂದು ಶಬ್ದ ಸಾಕು. ಬೇರೆ ದಾರಿಯೇ ಇಲ್ಲದವರು ಒಪ್ಪಿಕೊಳ್ಳಲಿ. ದಾರಿ ಇದ್ದವರು ಪೂರ್ತಿ ತೀರಿಸಿ, ಬಾಕಿ ಇಲ್ಲವೆಂಬ ಪತ್ರ ಕೈಗೆ ತೆಗೆದುಕೊಳ್ಳಲಿ.

ಈ ಪುಸ್ತಕವನ್ನು ನೋಡುವ ಹಕ್ಕು ಎಲ್ಲರಿಗೂ ಇದೆ. 2017ರಿಂದ ನಾಲ್ಕೂ ಸಂಸ್ಥೆಗಳು ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಪುಕ್ಕಟೆ ಕೊಡಬೇಕು. ತೀರಿಸಿದ ಸಾಲ ಬಾಕಿ ಎಂದು ತೋರಿಸುತ್ತಿದ್ದರೆ, ಕೇಳದ ಸಾಲ ಹೆಸರಿಗೆ ಬಿದ್ದಿದ್ದರೆ, ದೂರು ಕೊಡಬಹುದು. 30 ದಿನದೊಳಗೆ ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂಬ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಾಗಿದೆ. ಮೊಬೈಲು ಬಳಸಲು ಬಾರದ ಹಿರಿಯರಿಗೆ ಮನೆಯ ಹುಡುಗರು ಇದಿಷ್ಟು ಮಾಡಿಕೊಡಲಿ.

ನಿಯಮ ನಿಮ್ಮ ಕಡೆಗೂ ಇದೆ

2022ರಲ್ಲಿ ರಿಸರ್ವ್ ಬ್ಯಾಂಕು ಕಾರ್ಡುಗಳಿಗೆಂದೇ ನಿಯಮಾವಳಿ ತಂದಿತು. ಕೇಳದವನಿಗೆ ಕಾರ್ಡು ಕಳಿಸುವಂತಿಲ್ಲ. ಕಳಿಸಿ ಬಿಲ್ಲು ಹಾಕಿದರೆ ಬಿಲ್ಲು ಹಿಂದೆಗೆದುಕೊಂಡು, ಅದರ ಎರಡು ಪಟ್ಟು ದಂಡ ಕೊಡಬೇಕು. ಕೇಳದೆ ಮಿತಿ ಏರಿಸುವಂತಿಲ್ಲ. ಬಾಕಿ ಇಲ್ಲದವನು ಕಾರ್ಡು ಮುಚ್ಚಿರೆಂದು ಕೇಳಿದರೆ ಏಳು ಕೆಲಸದ ದಿನದೊಳಗೆ ಮುಚ್ಚಬೇಕು. ತಪ್ಪಿದರೆ ದಿನಕ್ಕೆ 500 ರೂಪಾಯಿ. ತಡವಾದ ದಂಡವನ್ನು ಗಡುವು ಮುಗಿದು ಮೂರು ದಿನ ದಾಟಿದ ಮೇಲೆಯೇ ಹಾಕಬೇಕು. ಅರ್ಜಿಯ ಜೊತೆಗೆ ಬಡ್ಡಿ, ಶುಲ್ಕ ತಿಳಿಸುವ ಒಂದು ಪುಟದ ಹಾಳೆ ಕೊಡಬೇಕು.

ವಸೂಲಿಯವರ ಕಾಟಕ್ಕೂ ಲಗಾಮು ಇದೆ. ಬೆಳಗಿನ 8ಕ್ಕೆ ಮೊದಲು, ಸಂಜೆ 7ರ ಮೇಲೆ ಫೋನು ಮಾಡುವಂತಿಲ್ಲ. ಓಣಿಯಲ್ಲಿ ನಿಂತು ಮಾನ ಕಳೆಯುವಂತಿಲ್ಲ, ನೆಂಟರಿಷ್ಟರಿಗೆ ಫೋನು ಮಾಡಿ ಹಂಗಿಸುವಂತಿಲ್ಲ. ಸಣ್ಣ ಸಾಲದವರ ದಬ್ಬಾಳಿಕೆ ಹೆಚ್ಚಿ ರಾಜ್ಯ ಸರಕಾರ 2025ರಲ್ಲಿ ಬೇರೆ ಕಾನೂನನ್ನೇ ತರಬೇಕಾಯಿತು. ಕಾರ್ಡಿನ ತಕರಾರನ್ನು ಮೊದಲು ಬ್ಯಾಂಕಿಗೆ ಬರೆದು ಕೊಡಿರಿ, ಸ್ವೀಕೃತಿ ತೆಗೆದುಕೊಳ್ಳಿರಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ನರಿಗೆ ದೂರು ಕೊಡಬಹುದು. ಖರ್ಚಿಲ್ಲ. 14448ಕ್ಕೆ ಫೋನು ಮಾಡಿದರೆ ದಾರಿ ಹೇಳುತ್ತಾರೆ. "ಕಾರ್ಡು ಚಾಲೂ ಮಾಡ್ತೀವಿ, ಒಟಿಪಿ ಹೇಳ್ರಿ" ಎಂದವನಿಗೆ ಮಾತ್ರ ಏನನ್ನೂ ಹೇಳಬೇಡಿರಿ. ಹೇಳಿ ಮೋಸ ಹೋದವರು ತಡ ಮಾಡದೆ 1930ಕ್ಕೆ ತಿಳಿಸಬೇಕು.

ಬ್ಯಾಂಕಿನವರು ಉತ್ತರಿಸಲಿ

ಎಲ್ಲ ತಪ್ಪನ್ನೂ ಸಾಲಗಾರನ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಒಂದು ಪ್ರಶ್ನೆ ಇದೆ. ನೂರಕ್ಕೆ 42ರ ಕಾರ್ಡು ಹತ್ತು ನಿಮಿಷದಲ್ಲಿ ಫೋನಿನಲ್ಲಿಯೇ ಮಂಜೂರಾಗುತ್ತದೆ. ನೂರಕ್ಕೆ 4ರ ಕಿಸಾನ್ ಕಾರ್ಡಿಗೆ ಉತಾರ ತಾ, ಬೋಜಾ ತೆಗೆಸಿಕೊಂಡು ಬಾ, ಬೇರೆ ಬ್ಯಾಂಕಿನ ಬಾಕಿ ಇಲ್ಲದ ಪತ್ರ ತಾ, ಸಾಹೇಬರು ರಜೆ, ನಾಳೆ ಬಾ. ಹೊಲ ನೋಡಿ ಕೊಡುವ ಸಾಲಕ್ಕೆ ಕಾಗದ ಬೇಕೇ ಬೇಕು, ಅದು ನಿಜ. ಆದರೆ ಚಾಟ್ನಿ ಯಾರಿಗೂ ಕಾಯುವುದಿಲ್ಲ. ರೈತ ತುಟ್ಟಿ ಸಾಲದ ಕಡೆಗೆ ಹೋಗುವುದು ದುರಾಸೆಯಿಂದಲೇ ಅಲ್ಲ, ಅಗ್ಗದ ಸಾಲದ ಬಾಗಿಲು ತೆರೆಯಲು ತಡವಾದದ್ದರಿಂದಲೂ ಹೌದು.

ಅರ್ಜಿ ಪೂರ್ತಿಯಾಗಿ ಕೈಸೇರಿದ 14 ದಿನದೊಳಗೆ ಕಿಸಾನ್ ಕಾರ್ಡು ಕೊಡಬೇಕೆಂದು 2019ರಿಂದ ಸೂಚನೆ ಇದೆ. 2025ರ ಜನವರಿ 1ರಿಂದ 2 ಲಕ್ಷದವರೆಗಿನ ಕೃಷಿ ಸಾಲಕ್ಕೆ ಅಡವು ಕೇಳುವಂತಿಲ್ಲ. ಈ ಎರಡು ಮಾತನ್ನು ಕನ್ನಡದಲ್ಲಿ ಬರೆದು ಟಿಕೋಟಾ, ಬಬಲೇಶ್ವರದ ಪ್ರತಿ ಶಾಖೆಯ ಬಾಗಿಲಿಗೆ ಹಚ್ಚಲಿ. ಸೆಪ್ಟೆಂಬರ್‌ನೊಳಗೆ, ಅಂದರೆ ಅಕ್ಟೋಬರ್ ಚಾಟ್ನಿಗೆ ಮೊದಲು, ಹಳೆಯ ಕಿಸಾನ್ ಕಾರ್ಡುಗಳ ನವೀಕರಣ ಮುಗಿಯುವಂತೆ ಜಿಲ್ಲೆಯ ಲೀಡ್ ಬ್ಯಾಂಕಿನವರು ನಿಗಾ ಇಡಲಿ. ಕ್ರೆಡಿಟ್ ಕಾರ್ಡು ಮಾರುವ ಹುಡುಗರಿಗೆ ಮೊದಲ ಪ್ರಶ್ನೆಯಾಗಿ "ನಿಮ್ಮ ಗಳಿಕೆ ತಿಂಗಳದ್ದೋ ವರ್ಷದ್ದೋ?" ಎಂದು ಕೇಳಲು ಕಲಿಸಲಿ. ಬಡ್ಡಿಯ ಹಾಳೆ ಕನ್ನಡದಲ್ಲಿರಲಿ, ಬಡ್ಡಿಯನ್ನು ವರ್ಷದ ಲೆಕ್ಕದಲ್ಲಿ ದಪ್ಪಕ್ಷರದಲ್ಲಿ ಬರೆಯಲಿ. ತಿಳಿವಳಿಕೆ ಶಿಬಿರವನ್ನು ನಗರದ ಹೋಟೆಲಿನಲ್ಲಿ ಹಾರ ತುರಾಯಿ ಹಾಕಿ ಮುಗಿಸುವ ಬದಲು ಸಂತೆಯ ದಿನ ಸಂತೆಯಲ್ಲಿಯೇ ಮಾಡಲಿ. ಅಲ್ಲಿ ಕೇಳುವವರಿದ್ದಾರೆ.

ಸಂಘಗಳ ಪಂಚರೂ ಎದ್ದು ನಿಲ್ಲಬೇಕು. ಹಳಕಟ್ಟಿಯವರ ಊರಿನಲ್ಲಿ ಪತ್ತಿನ ಅರ್ಥವನ್ನು ಹೊರಗಿನವರು ಬಂದು ಕಲಿಸಬೇಕಾಗಿಲ್ಲ. ಸದಸ್ಯರ ಸಭೆಯಲ್ಲಿ ಚಹಾ, ಫಳಾರಕ್ಕೆ ಕೊಡುವ ಹೊತ್ತಿನಲ್ಲಿ ಅರ್ಧ ತಾಸು ಈ ಲೆಕ್ಕಕ್ಕೆ ಕೊಡಲಿ.

ಜನರೂ ಒಂದು ಕೆಲಸ ಮಾಡಲಿ. ಕಾರ್ಡಿನ ಅರ್ಜಿಗೆ ಸಹಿ ಹಾಕುವ ಮುನ್ನ ಮನೆಯವರನ್ನೆಲ್ಲ ಕೂಡಿಸಿ, ಒಂದು ಹಾಳೆಯಲ್ಲಿ ಹನ್ನೆರಡು ತಿಂಗಳ ಹೆಸರು ಬರೆದು, ಯಾವ ತಿಂಗಳು ರೊಕ್ಕ ಬರುತ್ತದೆ ಎಂದು ಗುರುತು ಹಾಕಲಿ. ಹನ್ನೆರಡರಲ್ಲೂ ಗುರುತು ಬಿದ್ದವರು ಕಾರ್ಡು ತೆಗೆದುಕೊಳ್ಳಲಿ. ಒಂದೆರಡರಲ್ಲಿ ಮಾತ್ರ ಬಿದ್ದವರು ಅರ್ಜಿಯನ್ನು ತಂದವನ ಕೈಗೇ ವಾಪಸು ಕೊಟ್ಟು, ಸಂಘದ ದಾರಿ ಹಿಡಿಯಲಿ.